ಮಗು ಬಾಲಮಂದಿರದಲ್ಲಿದೆ ಅಂತ ಫೋನ್ ಬಂತಾ? ಮನೆಗೆ ಕರೆತರುವ ದಾರಿ ಇಲ್ಲಿದೆ

ಫೋನ್ ಬಂದಾಗ ಹೇಳುವುದು ಇಷ್ಟೇ: "ನಿಮ್ಮ ಹುಡುಗ ಬೆಂಗಳೂರು ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕಿದ್ದಾನೆ, ಬಾಲಮಂದಿರದಲ್ಲಿದ್ದಾನೆ, ದಾಖಲೆ ತಗೊಂಡು ಬನ್ನಿ." ಅಪ್ಪ ಅಮ್ಮ ಕೈಗೆ ಸಿಕ್ಕಿದ್ದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ಬಂದು ಗೇಟಿನ ಮುಂದೆ ನಿಂತರೆ ಮಗುವನ್ನು ತೋರಿಸುತ್ತಾರೆ, ಆದರೆ ಜೊತೆಗೆ ಕಳಿಸುವುದಿಲ್ಲ. ನಮ್ಮ ಮಗುವನ್ನು ನಮಗೇ ಯಾಕೆ ಕೊಡಲ್ಲ? ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಅಪ್ಪ ಅಮ್ಮಂದಿರು ಕೇಳುತ್ತಾರೆ, ಊರಿನ ಮೇಷ್ಟ್ರು ಕೇಳುತ್ತಾರೆ, ಮನೆಕೆಲಸದವರ ತಮ್ಮನಿಗಾಗಿ ಓಡಾಡುತ್ತಿರುವ ಬೆಂಗಳೂರಿನವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಯಾರಿಗೆ ಅಂತ ಮೊದಲು ಹೇಳಿಬಿಡುತ್ತೇನೆ. ಮನೆಯಿಂದ ಒಂಟಿಯಾಗಿ ಹೊರಟು ಬೇರೆ ಊರಿನಲ್ಲಿ ಸಿಕ್ಕ ಮಗು, ಕೆಲಸಕ್ಕೆ ಅಂತ ಯಾರೋ ಕರೆದುಕೊಂಡು ಬಂದು ದಾಳಿಯಲ್ಲಿ ಬಿಡಿಸಿದ ಮಗು, ಜಗಳವಾಡಿ ರೈಲು ಹತ್ತಿದ ಮಗು: ಇವರ ಮನೆಯವರಿಗೆ. ಮಗುವಿನ ಮೇಲೆ ಕಳ್ಳತನದಂಥ ಆರೋಪ ಇದ್ದರೆ ಅದು ಬಾಲನ್ಯಾಯ ಮಂಡಳಿಯ ವಿಷಯ. ಆ ದಾರಿಯೇ ಬೇರೆ, ಇಲ್ಲಿ ಅದನ್ನು ಮುಟ್ಟುವುದಿಲ್ಲ.

ಇನ್ನೊಂದು ಮಾತು ಈಗಲೇ. ಮಗುವನ್ನು ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರ ತಲೆಯಲ್ಲಿ ಎರಡು ಪ್ರಶ್ನೆ ಇರುತ್ತವೆ. ಒಂದು, ಈ ಮಗು ಇವರದ್ದೇನಾ? ಎರಡು, ಇವರ ಜೊತೆ ಕಳಿಸಿದರೆ ಮಗು ಮತ್ತೆ ಓಡಿ ಬರುತ್ತದಾ, ಮತ್ತೆ ಕೆಲಸಕ್ಕೆ ಹೋಗುತ್ತದಾ, ಪೆಟ್ಟು ತಿನ್ನುತ್ತದಾ? ಬರುವವರೆಲ್ಲ ಮೊದಲನೆಯದಕ್ಕೆ ಕಾಗದ ಹೊಂದಿಸಿಕೊಂಡು ಬರುತ್ತಾರೆ. ಎರಡನೆಯದಕ್ಕೆ ಬರಿಗೈಲಿ ಬರುತ್ತಾರೆ. ತಡ ಆಗುವುದು ಅಲ್ಲೇ.

ಕಿವಿಗೆ ಬೀಳುವ ಕೆಲವು ಪದಗಳು

ಮಕ್ಕಳ ಕಲ್ಯಾಣ ಸಮಿತಿ: ಎಲ್ಲರೂ ಸಿಡಬ್ಲ್ಯುಸಿ ಅಂತಲೇ ಕರೆಯುತ್ತಾರೆ. ಜಿಲ್ಲೆಗೊಂದಾದರೂ ಇರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು. 2015ರ ಬಾಲನ್ಯಾಯ ಕಾಯ್ದೆ ಇವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ಮಗುವನ್ನು ಬಿಡುವ ಆದೇಶ ಬರುವುದು ಇಲ್ಲಿಂದ ಮಾತ್ರ. ಬಾಲಮಂದಿರದ ಅಧೀಕ್ಷಕರ ಹತ್ತಿರ ಎಷ್ಟು ಅತ್ತರೂ ಪ್ರಯೋಜನ ಇಲ್ಲ, ಅವರಿಗೆ ಆ ಅಧಿಕಾರವೇ ಇಲ್ಲ. ಪೊಲೀಸರಿಗೂ ಇಲ್ಲ.

ಬಾಲಮಂದಿರ: ಸರ್ಕಾರದ ಮಕ್ಕಳ ಮನೆ. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಹಳಬರು ಇದನ್ನು ರಿಮ್ಯಾಂಡ್ ಹೋಮ್ ಅಂತಾರೆ, ಅದು ತಪ್ಪು. ನಿಮ್ಮ ಮಗು ಜೈಲಿನಲ್ಲಿಲ್ಲ. ಕೆಲವೊಮ್ಮೆ ಸರ್ಕಾರಿ ಮನೆಯ ಬದಲು ನೋಂದಣಿ ಆಗಿರುವ ಯಾವುದಾದರೂ ಸಂಸ್ಥೆಯಲ್ಲೂ ಇಟ್ಟಿರುತ್ತಾರೆ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ: ಸಮಿತಿಯ ಕೈ ಕಾಲು ಇದು. ನಿಮ್ಮ ಮನೆಗೆ ಬಂದು ನೋಡಿ ವರದಿ ಬರೆಯುವವರು ಸಾಮಾನ್ಯವಾಗಿ ಈ ಘಟಕದವರು.

ಪ್ರಾಯೋಜಕತ್ವ: ಹೆಸರು ಕೇಳಿ ಯಾರೋ ಬಂದು ಮಗುವನ್ನು ವಹಿಸಿಕೊಳ್ಳುವ ವ್ಯವಸ್ಥೆ ಅಂದುಕೊಳ್ಳಬೇಡಿ. ಮಗು ಮನೆಯಲ್ಲೇ ಉಳಿದು ಓದಲಿ ಅಂತ ಸರ್ಕಾರ ಕೊಡುವ ತಿಂಗಳ ಹಣ ಇದು. ಕೊನೆಯಲ್ಲಿ ವಿವರ ಇದೆ.

ಯೋಗ್ಯ ವ್ಯಕ್ತಿ: ಅಪ್ಪ ಅಮ್ಮ ಇಲ್ಲದಿದ್ದಾಗ, ಇದ್ದೂ ನೋಡಿಕೊಳ್ಳಲು ಆಗದಿದ್ದಾಗ, ಮಗುವನ್ನು ವಹಿಸಿಕೊಳ್ಳಲು ಒಪ್ಪಿ ಮುಂದೆ ಬಂದವರು. ಅವರನ್ನು ವಿಚಾರಿಸಿ ನೋಡಿ ಸಮಿತಿ ಮಾನ್ಯತೆ ಕೊಡಬೇಕು. ಅಜ್ಜಿ, ಸೋದರಮಾವ, ದೊಡ್ಡಮ್ಮ ಹೀಗೆ ಬರುವುದು ಹೆಚ್ಚು.

ಹಂತ 1: ಮಗು ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ

ಮಗು ಕಾಣೆಯಾಗಿ ಇನ್ನೂ ಸುದ್ದಿ ಇಲ್ಲ ಅಂದರೆ ಮೊದಲು ನಿಮ್ಮೂರಿನ ಠಾಣೆಯಲ್ಲಿ ದೂರು ಕೊಡಿ. "ಒಂದು ದಿನ ನೋಡಿ, ಬರ್ತಾನೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 18 ತುಂಬದ ಮಗು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 24 ಗಂಟೆ ಕಾಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಈ ಪ್ರತಿ ಮುಂದೆ ಸಮಿತಿ ಎದುರು ತುಂಬಾ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಮಗು ಹೋದ ದಿನವೇ ನೀವು ಹುಡುಕಿದ್ದೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ದುಡ್ಡು ಖರ್ಚಾಗುವುದಿಲ್ಲ. ರೈಲು ಹತ್ತಿರಬಹುದು ಅಂತ ಅನುಮಾನ ಇದ್ದರೆ ರೈಲ್ವೆ ರಕ್ಷಣಾ ದಳದವರಿಗೂ ಹೇಳಿ. ಬೆಂಗಳೂರು, ಯಶವಂತಪುರ, ಹುಬ್ಬಳ್ಳಿ, ಮೈಸೂರಿನಂಥ ದೊಡ್ಡ ನಿಲ್ದಾಣಗಳಲ್ಲಿ ಒಂಟಿಯಾಗಿ ಅಲೆಯುವ ಮಕ್ಕಳ ಮೇಲೆ ಅವರ ಕಣ್ಣು ಇರುತ್ತದೆ.

ಫೋನ್ ಬಂದಿದ್ದರೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಫೋನ್ ಮಾಡಿದವರ ಹೆಸರು ಮತ್ತು ಹುದ್ದೆ, ಮಗು ಇರುವ ಮನೆಯ ಹೆಸರು, ಯಾವ ಜಿಲ್ಲೆಯ ಸಮಿತಿ, ಸಮಿತಿ ಎದುರು ಮಗುವನ್ನು ಹಾಜರುಪಡಿಸಿದ ದಿನಾಂಕ. ಸಿಕ್ಕ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಸಮಿತಿ ಎದುರು ತರಬೇಕು ಅಂತ ಕಾನೂನು ಹೇಳುತ್ತದೆ. ಮುಂದಿನ ಲೆಕ್ಕವೆಲ್ಲ ಆ ದಿನಾಂಕದಿಂದ ಶುರು.

ಎಚ್ಚರಿಕೆ: "ಹತ್ತು ಸಾವಿರ ಗೂಗಲ್ ಪೇ ಮಾಡಿ, ಮಗುವನ್ನು ಬಿಡಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಡಿ. ಸಮಿತಿಯಲ್ಲಿ ಶುಲ್ಕ ಅನ್ನುವುದೇ ಇಲ್ಲ. ಅರ್ಜಿಗೂ ಇಲ್ಲ, ಆದೇಶದ ಪ್ರತಿಗೂ ಇಲ್ಲ, ಮಗು ಅಲ್ಲಿ ತಿಂದ ಊಟಕ್ಕೂ ಇಲ್ಲ.

ಹಂತ 2: ಹೊರಡುವ ಮೊದಲು ಮಗುವಿನ ಜೊತೆ ಮಾತಾಡಿ

ಮನೆಯವರು ಬಾಲಮಂದಿರಕ್ಕೆ ಫೋನ್ ಮಾಡಿ ಮಗುವಿನ ಜೊತೆ ಮಾತಾಡಬೇಕು ಅಂತ ಕೇಳಬಹುದು. ಕೊಟ್ಟರೆ ಆ ಎರಡು ನಿಮಿಷವನ್ನು ಬೈಯುವುದಕ್ಕೆ ಖರ್ಚು ಮಾಡಬೇಡಿ. "ಊಟ ಮಾಡಿದ್ಯಾ, ನಾವು ಬರ್ತಾ ಇದ್ದೀವಿ, ಏನೂ ಅನ್ನಲ್ಲ" ಅಷ್ಟು ಸಾಕು. ಮಗು ಮೊದಲ ದಿನ ಹೆದರಿ ಹೆಸರು ಸುಳ್ಳು ಹೇಳಿರಬಹುದು, ಊರು ಸುಳ್ಳು ಹೇಳಿರಬಹುದು, ಅಪ್ಪ ಅಮ್ಮ ಸತ್ತಿದ್ದಾರೆ ಅಂತಲೂ ಹೇಳಿರಬಹುದು. ಇದು ತೀರಾ ಮಾಮೂಲು. ನಿಮ್ಮ ದನಿ ಕೇಳಿದ ಮೇಲೆ ಎಷ್ಟೋ ಮಕ್ಕಳು ನಿಜ ಹೇಳುತ್ತಾರೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹಂತ 3: ಕಾಗದಗಳು

ಮೂಲ ಪ್ರತಿ ಒಂದು, ಜೆರಾಕ್ಸ್ ಮೂರು ಸೆಟ್. ಸಮಿತಿ ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ಹುಡುಕುತ್ತಾ ನಿಮ್ಮ ಸರದಿ ತಪ್ಪಿಸಿಕೊಳ್ಳಬೇಡಿ.

ಮಗುವಿನದು: ಶಾಲೆಯ ದಾಖಲೆ ಇದ್ದರೆ ಅದೇ ಮೊದಲು. ವಯಸ್ಸಿನ ವಿಷಯದಲ್ಲಿ ಕಾನೂನಿನ ಸಾಲು ಹೀಗಿದೆ: ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಆಸ್ಪತ್ರೆಯಲ್ಲಿ ಮೂಳೆ ಪರೀಕ್ಷೆ. ಆ ಸಾಲಿನಲ್ಲಿ ಆಧಾರ್ ಇಲ್ಲ ನೋಡಿ. ಆಧಾರ್ ತನ್ನಿ, ಗುರುತಿಗೆ ಬೇಕಾಗುತ್ತದೆ, ಆದರೆ ವಯಸ್ಸಿಗೆ ಅದನ್ನೇ ನಂಬಿಕೊಂಡು ಬರಬೇಡಿ.

ನಿಮ್ಮದು: ಅಪ್ಪ ಅಮ್ಮ ಇಬ್ಬರ ಗುರುತಿನ ಚೀಟಿ, ಮತ್ತು ರೇಷನ್ ಕಾರ್ಡ್. ನನ್ನ ಕೇಳಿದರೆ ಎಲ್ಲಕ್ಕಿಂತ ಗಟ್ಟಿ ಕಾಗದ ರೇಷನ್ ಕಾರ್ಡೇ. ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ ಸಿಗುವುದು ಅದರಲ್ಲಿ ಮಾತ್ರ.

ಇದರ ಜೊತೆ ಎಫ್‌ಐಆರ್ ಪ್ರತಿ, ಮನೆಯವರೆಲ್ಲ ಮಗುವಿನ ಜೊತೆ ಇರುವ ಹಳೆಯ ಫೋಟೊ, ಪಂಚಾಯಿತಿಯಿಂದ ಅಥವಾ ಶಾಲೆಯ ಮುಖ್ಯ ಶಿಕ್ಷಕರಿಂದ "ಈ ಮಗು ಇವರದ್ದು, ಇಲ್ಲೇ ವಾಸ" ಅನ್ನುವ ಒಂದು ಪತ್ರ. ಪತ್ರದಲ್ಲಿ ಮೊಹರು, ದಿನಾಂಕ, ಬರೆದವರ ಫೋನ್ ನಂಬರ್ ಇರಲಿ. ಸದಸ್ಯರು ಅಲ್ಲೇ ಫೋನ್ ಮಾಡಿ ವಿಚಾರಿಸುವುದೂ ಉಂಟು.

ಈಗ ಹೆಸರಿನ ತಾಪತ್ರಯ. ಮನೆಯಲ್ಲಿ ಅರ್ಜುನ, ಶಾಲೆಯಲ್ಲಿ ಮಲ್ಲಿಕಾರ್ಜುನ, ಆಧಾರ್‌ನಲ್ಲಿ ಮಲ್ಲು ಅಂತ ಇದ್ದ ಹುಡುಗನೊಬ್ಬ ಬಾಲಮಂದಿರದ ರಿಜಿಸ್ಟರ್‌ನಲ್ಲಿ ರಾಹುಲ್ ಆಗಿದ್ದ. ಅವನ ತಾಯಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ "ಎಲ್ಲಾ ಅವನೇ ರೀ, ಎಲ್ಲಾ ಅವನೇ" ಅಂತ ಹೇಳುತ್ತಿದ್ದರು. ಕೊನೆಗೆ ಶಾಲೆಯ ಮೇಷ್ಟ್ರು ಗ್ರೂಪ್ ಫೋಟೊ ಕಳಿಸಿ, ಎರಡನೇ ಸಾಲಿನ ಹುಡುಗ ಇವನೇ ಅಂತ ಬರೆದುಕೊಟ್ಟ ಮೇಲೆ ವಿಷಯ ಬಗೆಹರಿಯಿತು. ಹೆಸರು ಬೇರೆ ಬೇರೆ ಇದ್ದರೆ ತಿದ್ದಿಸಲು ಹೋಗಬೇಡಿ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಎರಡೂ ಹೆಸರು ಒಬ್ಬನದೇ ಅಂತ ಮೇಷ್ಟ್ರಿಂದಲೋ ಪಂಚಾಯಿತಿಯಿಂದಲೋ ಬರೆಸಿಕೊಂಡು ಬನ್ನಿ. ಹುಟ್ಟಿದ ದಿನಾಂಕವೂ ಅಷ್ಟೇ. ಜೂನ್ 1ಕ್ಕೆ ಹುಟ್ಟಿದ ಮಕ್ಕಳು ನಮ್ಮ ಕಡೆ ಜಾಸ್ತಿ, ಅಲ್ವಾ? ಸದಸ್ಯರಿಗೂ ಅದು ಗೊತ್ತು.

ಎಚ್ಚರಿಕೆ: ಮಗುವಿಗೆ 18 ಆಗಿದೆ ಅಂತ ತೋರಿಸಲು ಹೊಸ ಕಾಗದ ಮಾಡಿಸಬೇಡಿ. ಕೆಲಸಕ್ಕೆ ಇಟ್ಟುಕೊಂಡವರು ಅಥವಾ ಏಜೆಂಟರು ಇಂಥ ಐಡಿಯಾ ಕೊಡುತ್ತಾರೆ, ಅದರಿಂದ ಉಳಿಯುವುದು ಅವರ ತಲೆ, ನಿಮ್ಮದಲ್ಲ. ಶಾಲೆಯ ದಾಖಲೆ ಸಿಕ್ಕಿದರೆ ಸುಳ್ಳು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಯಾವ ಕಾಗದವನ್ನೂ ಯಾರೂ ನಂಬುವುದಿಲ್ಲ.

ಹಂತ 4: ಯಾರು ಹೋಗಬೇಕು

ಅಪ್ಪ ಅಮ್ಮ ಇಬ್ಬರೂ ಹೋದರೆ ಒಳ್ಳೆಯದು. ಒಬ್ಬರಿಗೇ ಆಗುವುದಾದರೆ, ಮಗು ಯಾರ ಹತ್ತಿರ ಸಲಿಗೆಯಿಂದ ಇದೆಯೋ ಅವರು ಹೋಗಲಿ. ಬರಲಾಗದವರ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ, ಫೋನ್ ನಂಬರ್ ಜೊತೆಗಿರಲಿ.

ಅಪ್ಪ ಅಮ್ಮ ಬೇರೆಯಾಗಿದ್ದರೆ ಕೋರ್ಟಿನ ಆದೇಶ ಏನಾದರೂ ಇದೆಯಾ ನೋಡಿ, ಇದ್ದರೆ ತನ್ನಿ. ಮುಚ್ಚಿಟ್ಟರೆ ಇನ್ನೊಬ್ಬರು ಬಂದು ಹೇಳುತ್ತಾರೆ, ಆಗ ಕಥೆ ಉದ್ದವಾಗುತ್ತದೆ. ಮಲತಾಯಿ, ಮಲತಂದೆ ಇರುವ ಮನೆಯಾದರೆ ಅದನ್ನೂ ನೇರವಾಗಿ ಹೇಳಿಬಿಡಿ.

ಅಪ್ಪ ಅಮ್ಮ ಇಲ್ಲದ ಮಗುವಿಗೆ ಅಜ್ಜಿಯೋ ಮಾವನೋ ಬರುವುದಾದರೆ, ಸಾವಿನ ಪ್ರಮಾಣಪತ್ರ ಮತ್ತು ಸಂಬಂಧ ತೋರಿಸುವ ಕಾಗದ ಬೇಕು. ಇವರನ್ನು ಸಮಿತಿ ಜಾಸ್ತಿ ಪ್ರಶ್ನೆ ಕೇಳುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ಅಂದರೆ ಮಾವ ಅಂತ ಹೇಳಿಕೊಂಡು ಬರುವವರಲ್ಲಿ ನಿಜವಾದ ಮಾವಂದಿರ ಜೊತೆ ಕೂಲಿಗೆ ಕರೆದುಕೊಂಡು ಹೋಗುವ ಮೇಸ್ತ್ರಿಗಳೂ ಇರುತ್ತಾರೆ. ಅಣ್ಣ ಅಕ್ಕನಿಗೆ 18 ಆಗಿರದಿದ್ದರೆ ಅವರ ಕೈಗೆ ಮಗುವನ್ನು ಕೊಡುವುದಿಲ್ಲ.

ಊರಿನ ಹತ್ತು ಜನರನ್ನು ಕ್ರೂಸರ್‌ನಲ್ಲಿ ತುಂಬಿಕೊಂಡು ಬರುವುದು ಬೇಡ. ಒಳಗೆ ಬಿಡುವುದು ಒಬ್ಬರನ್ನೋ ಇಬ್ಬರನ್ನೋ. ಮುಖಂಡರ ಶಿಫಾರಸು ಪತ್ರವೂ ಬೇಡ, ಅದರಿಂದ ಲಾಭವಾಗಿದ್ದು ನಾನು ನೋಡಿಲ್ಲ. ಮಗುವನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಮಾಲೀಕ "ನಾನೂ ಬರ್ತೀನಿ, ಕಾರಿನಲ್ಲಿ ಕರ್ಕೊಂಡು ಹೋಗ್ತೀನಿ" ಅಂದರೆ ಖಂಡಿತ ಬೇಡ. ಅವರು ಕರೆತಂದ ಕಾರಿನಿಂದ ನೀವು ಇಳಿದಿರಿ ಅಂದರೆ ಶುರುವಿನಲ್ಲಿ ಹೇಳಿದ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ, ಅದೂ ನಿಮಗೆ ವಿರುದ್ಧವಾಗಿ.

ಹಂತ 5: ಮನೆ ನೋಡಲು ಬರುತ್ತಾರೆ

ಇದಕ್ಕೆ ಸಾಮಾಜಿಕ ತನಿಖಾ ವರದಿ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ, ಪೊಲೀಸ್ ತನಿಖೆ ಅಲ್ಲ. ನಿಮ್ಮ ಜಿಲ್ಲೆಯ ಘಟಕದಿಂದ ಒಬ್ಬರು ಮನೆಗೆ ಬಂದು ಕೂತು ಮಾತಾಡುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ, ಶಾಲೆಗೂ ಹೋಗಬಹುದು. 15 ದಿನದಲ್ಲಿ ಈ ವರದಿ ಮುಗಿಯಬೇಕು, ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು ಅಂತ ಕಾನೂನಿನಲ್ಲಿದೆ. ನಾಲ್ಕು ತಿಂಗಳು ಅನ್ನುವುದು ಹೊರಗಿನ ಗಡಿ. ಸರಳ ಪ್ರಕರಣಗಳು ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತವೆ.

ತಡವಾಗುವುದು ಹೆಚ್ಚಾಗಿ ಇಲ್ಲೇ. ಬೆಂಗಳೂರಿನ ಸಮಿತಿ ಯಾದಗಿರಿಗೆ ಪತ್ರ ಬರೆಯುತ್ತದೆ, ಯಾದಗಿರಿಯವರು ಮನೆ ಹುಡುಕಿಕೊಂಡು ತಾಂಡಾಕ್ಕೆ ಹೋಗುತ್ತಾರೆ, ನೀವು ಆ ಹೊತ್ತಿಗೆ ಬೆಂಗಳೂರಿನಲ್ಲೇ ಬಾಲಮಂದಿರದ ಗೇಟಿನ ಮುಂದೆ ಕೂತಿರುತ್ತೀರಿ! ಮನೆಗೆ ಬೀಗ ಅಂತ ವರದಿ ವಾಪಸ್ ಬರುತ್ತದೆ. ಹಾಗಾಗಿ ಬೆಂಗಳೂರಿಗೆ ಹೋದ ದಿನ ಮಗುವನ್ನು ನೋಡಿ, ಕಾಗದ ಕೊಟ್ಟು, ಪತ್ರ ಯಾವ ದಿನ ಯಾವ ಕಚೇರಿಗೆ ಹೋಗಿದೆ ಅಂತ ಕೇಳಿ ಬರೆದುಕೊಂಡು ಒಬ್ಬರಾದರೂ ಊರಿಗೆ ವಾಪಸ್ ಹೋಗಿ. ಆಮೇಲೆ ನಿಮ್ಮ ಜಿಲ್ಲೆಯ ಘಟಕಕ್ಕೆ ನೀವೇ ಹೋಗಿ, "ನಮ್ಮ ಮಗುವಿನ ಪತ್ರ ಬಂದಿದೆಯಾ, ಯಾವಾಗ ಬರ್ತೀರಿ" ಅಂತ ಕೇಳಿ. ಮನೆಯ ದಾರಿ ಹೇಳಿ, ಗುರುತಿಗೆ ಗುಡಿಯೋ ಅಂಗನವಾಡಿಯೋ ಹೇಳಿ, ಫೋನ್ ನಂಬರ್ ಕೊಡಿ. ಈ ಒಂದು ಓಡಾಟ ವಾರಗಳನ್ನು ಉಳಿಸುತ್ತದೆ.

ಬಂದವರಿಗೆ ಮನೆ ದೊಡ್ಡದಿರಬೇಕು, ಫ್ರಿಡ್ಜ್ ಇರಬೇಕು ಅಂತೇನಿಲ್ಲ. ಬಡತನ ನೋಡಿ ಮಗುವನ್ನು ಕೊಡದೇ ಇರುವುದಕ್ಕೆ ಬರುವುದಿಲ್ಲ. ಮಗು ಎಲ್ಲಿ ಮಲಗುತ್ತದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಕುಡಿದು ಗಲಾಟೆ ಮಾಡುವವರು ಇದ್ದಾರಾ, ಶಾಲೆ ಎಷ್ಟು ದೂರ: ಇದನ್ನು ನೋಡುತ್ತಾರೆ. ಕುಡಿತ ಇದ್ದರೆ ಇಲ್ಲ ಅನ್ನಬೇಡಿ, ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. "ಅಪ್ಪ ಕುಡಿಯುತ್ತಾರೆ, ಅದಕ್ಕೇ ಮಗು ಅಜ್ಜಿ ಮನೆಯಲ್ಲಿ ಮಲಗುವ ಹಾಗೆ ಮಾಡುತ್ತೇವೆ" ಅಂದರೆ ಅದು ಉತ್ತರ.

ಹಂತ 6: ಸಮಿತಿಯ ಎದುರು

ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಆದರೂ ಹೊರಡುವ ಮುನ್ನ ಫೋನ್ ಮಾಡಿ, ಆ ದಿನ ಕೂರುತ್ತಾರಾ ಕೇಳಿ. ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಇರಬೇಕು. ಇಬ್ಬರೇ ಬಂದ ದಿನ ನೀವು ಹೋದರೆ ಮಾತುಕತೆ ಆಗುತ್ತದೆ, ಆದೇಶ ಆಗುವುದಿಲ್ಲ. ಊರಿಂದ ಬರುವವರು ಬೆಳಿಗ್ಗೆಯೇ ಬಂದು ಹೆಸರು ಬರೆಸಿ. ಮಧ್ಯಾಹ್ನದ ಊಟ, ನೀರಿನ ಬಾಟ್ಲಿ ಜೊತೆಗಿರಲಿ, ಕಾಯುವುದು ಇರುತ್ತದೆ.

ಒಳಗೆ ಕಟಕಟೆ ಇಲ್ಲ, ಮೇಜು ಕುರ್ಚಿ ಇರುವ ಕೋಣೆ ಅಷ್ಟೇ. ವಕೀಲರು ಬೇಕೇ ಬೇಕು ಅಂತಿಲ್ಲ. ಕೇಳುವುದು ಹೀಗೆ: ಮಗು ಶಾಲೆ ಬಿಟ್ಟಿದ್ದು ಯಾವಾಗ, ಯಾಕೆ? ಯಾರ ಜೊತೆ ಹೋಯಿತು? ನೀವು ಹೊಡೀತೀರಾ? ಮನೆಗೆ ಹೋದ ಮೇಲೆ ಸೋಮವಾರ ಬೆಳಿಗ್ಗೆ ಮಗು ಏನು ಮಾಡುತ್ತದೆ? ಈ ಕೊನೆಯ ಪ್ರಶ್ನೆಗೆ ತಯಾರಾಗಿ ಬನ್ನಿ. "ನೋಡ್ಕೋತೀವಿ ಸಾರ್" ಅನ್ನುವುದು ಉತ್ತರ ಅಲ್ಲ. "ಊರಿನ ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಮಾತಾಡಿದ್ದೇವೆ, ಏಳನೇ ಕ್ಲಾಸಿಗೆ ಸೇರಿಸ್ಕೋತಾರೆ, ನಾವು ಕಬ್ಬು ಕಡಿಯಲು ಹೋದಾಗ ಅಜ್ಜಿ ಇರ್ತಾರೆ" ಅನ್ನುವುದು ಉತ್ತರ. ಮೇಷ್ಟ್ರ ಪತ್ರ ಇದ್ದರಂತೂ ಇನ್ನೂ ಒಳ್ಳೆಯದು.

ಮುಂಗಡದ ವಿಷಯ ಬೇರೆಯಾಗಿ ಹೇಳಬೇಕು. ಮಗುವಿನ ಕೆಲಸದ ಲೆಕ್ಕದಲ್ಲಿ ಏಜೆಂಟನಿಂದ ದುಡ್ಡು ತಗೊಂಡಿದ್ದರೆ, ಹೇಳಿದರೆ ನಮ್ಮ ಮೇಲೇ ಕೇಸಾಗುತ್ತದೆ ಅಂತ ಮುಚ್ಚಿಡುವವರೇ ಜಾಸ್ತಿ. ಹೇಳಿಬಿಡಿ. ದುಡಿದು ತೀರಿಸಬೇಕು ಅಂತ ಕಟ್ಟಿಹಾಕುವ ಸಾಲವನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ರದ್ದು ಮಾಡಿದೆ. ಜೀತ ಅಂತ ಸಾಬೀತಾದರೆ ಆ ಸಾಲ ತೀರಿಸಬೇಕಾಗಿಲ್ಲ. ಹೇಳದೆ ಮಗುವನ್ನು ಕರೆದುಕೊಂಡು ಹೋದರೆ ಏಜೆಂಟ್ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಮಗು ಮತ್ತೆ ಅದೇ ಬಸ್ಸು ಹತ್ತುತ್ತದೆ.

ಮಗುವನ್ನು ಬೇರೆಯಾಗಿ ಕೂರಿಸಿ ಕೇಳುತ್ತಾರೆ. ಮಗು "ನಾನು ಹೋಗಲ್ಲ" ಅನ್ನಬಹುದು. ಆ ಕ್ಷಣದಲ್ಲಿ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದನ್ನೂ ಗಮನಿಸುತ್ತಾರೆ. ಒಬ್ಬ ತಂದೆ ಆರು ವಾರ ಹುಡುಕಿ, ಸಾಲ ಮಾಡಿ ಬಂದಿದ್ದರು. ಮಗ ಬಾಗಿಲಲ್ಲಿ ಕಾಣಿಸಿದ ಕೂಡಲೇ ತಡೆಯಲಾರದೆ ಕೆನ್ನೆಗೆ ಒಂದು ಬಿಟ್ಟರು, ಹಿಂದೆಯೇ ತಬ್ಬಿಕೊಂಡು ಅತ್ತರು. ಸದಸ್ಯರಿಗೆ ಅಳುವೂ ಅರ್ಥವಾಯಿತು, ಪೆಟ್ಟೂ ಅರ್ಥವಾಯಿತು. ಆಪ್ತಸಮಾಲೋಚನೆಗೆ ಅಂತ ಮುಂದಿನ ದಿನಾಂಕ ಕೊಟ್ಟರು.

ಹಂತ 7: ಆದೇಶ ಮತ್ತು ಮುಚ್ಚಳಿಕೆ

ಒಪ್ಪಿದರೆ ಮಗುವನ್ನು ನಿಮ್ಮ ವಶಕ್ಕೆ ಕೊಡುವ ಆದೇಶ ಬರೆಯುತ್ತಾರೆ. ನೀವು ಮುಚ್ಚಳಿಕೆಗೆ ಸಹಿ ಹಾಕಬೇಕು. ಸಾಮಾನ್ಯವಾಗಿ ಮಗುವನ್ನು ಕೆಲಸಕ್ಕೆ ಕಳಿಸುವುದಿಲ್ಲ, ಓದಿಸುತ್ತೇವೆ, ಕರೆದಾಗ ಹಾಜರುಪಡಿಸುತ್ತೇವೆ ಅಂತ ಇರುತ್ತದೆ. ಓದಲು ಬರದಿದ್ದರೆ ಜೋರಾಗಿ ಓದಿ ಹೇಳಿ ಅಂತ ಕೇಳಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ.

ಹೊರಡುವ ಮುಂಚೆ ಇವು ಕೈಯಲ್ಲಿವೆಯಾ ನೋಡಿ: ಆದೇಶದ ಪ್ರತಿ, ಮಗು ಬಂದಾಗ ಜೊತೆಗಿದ್ದ ಬ್ಯಾಗು, ಫೋನು, ದುಡ್ಡು, ಅಲ್ಲಿ ಮಾಡಿಸಿದ ಆಸ್ಪತ್ರೆ ಚೀಟಿಗಳು. ದುಡಿಮೆಯ ಸ್ಥಳದಿಂದ ಬಿಡಿಸಿದ ಮಗುವಾದರೆ ಬಾಕಿ ಕೂಲಿಯ ವಿಷಯ ಎಲ್ಲಿಗೆ ಬಂತು ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿ. 14 ತುಂಬದ ಮಗುವನ್ನು ಯಾವ ಕೆಲಸಕ್ಕೂ, 18 ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಆ ಕೇಸು ಮಾಲೀಕನ ಮೇಲೆ ನಡೆಯುತ್ತಲೇ ಇರುತ್ತದೆ. ಅದು ಮುಗಿಯುವವರೆಗೆ ಮಗುವನ್ನು ಇಟ್ಟುಕೊಳ್ಳುತ್ತಾರೆ ಅನ್ನುವ ಭಯ ಬೇಡ, ಆದರೆ ಸಾಕ್ಷಿಗೆ ಕರೆದರೆ ಬರಬೇಕಾಗುತ್ತದೆ.

ಎಚ್ಚರಿಕೆ: ಬಾಲಮಂದಿರದ ಮುಂದೆ ಸೆಲ್ಫಿ ತೆಗೆದು "ನಮ್ಮ ಮಗು ಸಿಕ್ಕಿತು" ಅಂತ ವಾಟ್ಸ್ಯಾಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಇಂಥ ಪ್ರಕರಣದ ಮಗುವಿನ ಗುರುತು ಬಹಿರಂಗ ಮಾಡುವುದು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾಣೆಯಾದಾಗ ನೀವೇ ಹಂಚಿದ್ದ ಫೋಟೊಗಳನ್ನೂ ತೆಗೆಸಿಬಿಡಿ.

ಹಂತ 8: ಮಗು ಬೇರೆ ರಾಜ್ಯದಲ್ಲಿದ್ದರೆ, ಬೇರೆ ರಾಜ್ಯದ್ದಾದರೆ

ಬೆಳಗಾವಿ, ವಿಜಯಪುರದ ಕಡೆಯ ಮಕ್ಕಳು ಗೋವಾ, ಪುಣೆ, ಮುಂಬೈಗಳಲ್ಲಿ ಸಿಗುವುದು ಉಂಟು. ನಿಮಗೆ ಅಲ್ಲಿಗೆ ಹೋಗಲು ಆಗದಿದ್ದರೆ ಅಥವಾ ಭಾಷೆ ತೊಡಕಾದರೆ, ಮಗುವನ್ನು ನಮ್ಮ ಜಿಲ್ಲೆಯ ಸಮಿತಿಗೆ ವರ್ಗಾಯಿಸಿ ಅಂತ ಬರೆದು ಕೇಳಬಹುದು. ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಅದಕ್ಕೆ ಅವಕಾಶ ಇದೆ. ಮಗುವಿನ ಜೊತೆ ಪೊಲೀಸರು ಬರುತ್ತಾರೆ, ಹುಡುಗಿಯಾದರೆ ಮಹಿಳಾ ಪೊಲೀಸ್ ಇರಲೇಬೇಕು. ಖರ್ಚು ನಿಮ್ಮದಲ್ಲ. ಅರ್ಜಿಯನ್ನು ನಿಮ್ಮ ಜಿಲ್ಲೆಯ ಸಮಿತಿಗೇ ಕೊಡಿ, ಅವರು ಅಲ್ಲಿಯವರ ಜೊತೆ ಮಾತಾಡುತ್ತಾರೆ.

ಬೆಂಗಳೂರಿನಲ್ಲಿ ಬಿಹಾರದ, ಒಡಿಶಾದ, ಅಸ್ಸಾಮಿನ ಮಗುವಿಗಾಗಿ ನೀವು ಓಡಾಡುತ್ತಿದ್ದರೆ ಇದೇ ನಿಯಮ ತಿರುವುಮುರುವಾಗಿ ಅನ್ವಯಿಸುತ್ತದೆ. ನೀವು ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಆ ಊರಿನ ಸರಿಯಾದ ವಿಳಾಸ, ಜಿಲ್ಲೆ, ಠಾಣೆಯ ಹೆಸರು ಹುಡುಕಿಕೊಡುವುದು, ಮತ್ತು ಮಗುವಿನ ಭಾಷೆ ಬರುವ ಯಾರನ್ನಾದರೂ ಹೊಂದಿಸುವುದು. "ನಮ್ಮ ಮನೆಯಲ್ಲೇ ಇರಲಿ ಬಿಡಿ, ಚೆನ್ನಾಗಿ ನೋಡ್ಕೋತೀವಿ" ಅಂತ ಒಳ್ಳೆಯ ಮನಸ್ಸಿನಿಂದಲೇ ಕೇಳುವವರಿದ್ದಾರೆ. ಆದರೆ ಸಮಿತಿ ಮೊದಲು ನೋಡುವುದು ಮಗುವಿನ ಸ್ವಂತ ಮನೆಯನ್ನು.

ಹಂತ 9: ಆಗುವುದಿಲ್ಲ ಅಂದರೆ, ತಿಂಗಳಾದರೂ ಸುದ್ದಿ ಇಲ್ಲದಿದ್ದರೆ

ಮೊದಲು ಬಾಯಿಮಾತು ಬಿಟ್ಟು ಬರವಣಿಗೆಗೆ ಬನ್ನಿ. ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಏನೇನಾಯಿತು ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಮಿತಿಯ ಕೆಲಸದ ಬಗ್ಗೆ ದೂರು ಕೇಳುವವರು ಜಿಲ್ಲಾಧಿಕಾರಿ. ಕೊಡುವುದಿಲ್ಲ ಅಂತ ಆದೇಶವೇ ಆಗಿದ್ದರೆ, 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಇಲ್ಲಿ ವಕೀಲರು ಬೇಕು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತಾರೆ, ಅದರ ಸಹಾಯವಾಣಿ 15100. ಬೆಂಗಳೂರಿನಲ್ಲಿರುವ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು.

ಕೆಲವು ಪ್ರಕರಣ ನಿಜವಾಗಲೂ ತಡವಾಗುತ್ತವೆ. ಪೋಕ್ಸೊ ಕೇಸು (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು) ಇದ್ದರೆ, ಬಾಲ್ಯವಿವಾಹ ತಪ್ಪಿಸಿಕೊಂಡು ಬಂದ ಹುಡುಗಿಯಾದರೆ, ಮಾರಾಟದ ಅನುಮಾನ ಇದ್ದರೆ, ಮನೆಯವರ ಮೇಲೇ ದೂರು ಇದ್ದರೆ. ಹುಡುಗಿ ಮನೆ ಬಿಟ್ಟು ಬಂದಿದ್ದು ಮದುವೆ ಬೇಡ ಅಂತ ಆಗಿದ್ದರೆ, ನಿಶ್ಚಯ ಮುರಿದಿದ್ದೇವೆ ಅಂತ ತೋರಿಸದೆ ಮಗುವನ್ನು ಕೇಳಲು ಹೋಗಬೇಡಿ. ಕೊಡುವುದಿಲ್ಲ, ಕೊಡಲೂಬಾರದು.

ಹಂತ 10: ಮನೆಗೆ ಬಂದ ಮೇಲೆ

ಘಟಕದವರು ಮತ್ತೆ ಮನೆಗೆ ಬರುತ್ತಾರೆ, ಫೋನ್ ಮಾಡುತ್ತಾರೆ. ನಂಬರ್ ಬದಲಾದರೆ ತಿಳಿಸಿ. ದುಡಿಯಲು ಬೇರೆ ಊರಿಗೆ ಹೋಗುವುದಾದರೂ ತಿಳಿಸಿ. ಇಲ್ಲದಿದ್ದರೆ ಮನೆಗೆ ಬೀಗ ಅನ್ನುವ ವರದಿ ಮತ್ತೆ ಸಮಿತಿಗೆ ಹೋಗುತ್ತದೆ.

ಶಾಲೆಗೆ ವಾರದೊಳಗೆ ಕರೆದುಕೊಂಡು ಹೋಗಿ. 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ.

ಪ್ರಾಯೋಜಕತ್ವಕ್ಕೆ ಅರ್ಜಿ ಹಾಕುವುದನ್ನು ಮರೆಯಬೇಡಿ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ಮೀರಿರಬಾರದು. ವಿಧವೆಯರ ಮಕ್ಕಳು, ಅಜ್ಜಿ ಮನೆಯಲ್ಲಿರುವ ಅನಾಥ ಮಕ್ಕಳು, ಬಾಲಕಾರ್ಮಿಕರಾಗಿದ್ದವರು, ಮನೆ ಬಿಟ್ಟು ಹೋಗಿ ಸಿಕ್ಕಿದವರು ಎಲ್ಲರೂ ಇದರಲ್ಲಿ ಬರುತ್ತಾರೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲೇ. ಕೇಳಿದ ಕೂಡಲೇ ಸಿಗುತ್ತದೆ ಅಂತ ಹೇಳಲಾರೆ, ಸರದಿ ಇರುತ್ತದೆ. ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಶಾಲೆಯಲ್ಲಿ ಓದುತ್ತಿರುವ ಪತ್ರ, ಸಮಿತಿಯ ಆದೇಶದ ಪ್ರತಿ ಜೋಡಿಸಿ ಕೊಡಿ. ಮೂಲ ಆದೇಶವನ್ನು ಮಾತ್ರ ಯಾರ ಕೈಗೂ ಕೊಡದೆ ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಇಟ್ಟುಕೊಳ್ಳಿ.